ಸೋದರಮಾವನ ಪಂಚೆ

ಹೊಳೆದಂಡೆಯ ಆಶ್ರಮಕ್ಕೆ ಕೊಟ್ರೇಶ ಬಂದು ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಬಂದು ಕುಳಿತ. ಅವರನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು.

"ಅಜ್ಜಯ್ಯ, ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲುವುದಿಲ್ಲ."

"ಎಲ್ಲಿಗೆ ಹೋಗುತ್ತೆ?"

"ಒಂದು ಮದುವೆಮನೆಗೆ."

ಕೊಟ್ರೇಶ ನಡೆದದ್ದನ್ನು ಹೇಳಿದ.

ಅವನ ಅಕ್ಕ ಹಾಲಮ್ಮನನ್ನು ಮದುವೆಯಾದವನು ಅವನ ಬಾಲ್ಯದ ಗೆಳೆಯ ಮರುಳಪ್ಪ. ಅವರ ಮಗಳ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಅಂದರೆ ಕೊಟ್ರೇಶ. ಆದರೆ ಮುಹೂರ್ತದ ಹೊತ್ತಿಗೆ ಬೇರೆ ಯಾರೋ ಅವಳ ಕೈಹಿಡಿದು ಕರೆತಂದಿದ್ದರು.

"ನೀನೆಲ್ಲಿದ್ದೆ?"

"ಮನೆಯಲ್ಲಿ. ಮರುಳಪ್ಪನೇ ಬಂದು ಕರೆಯಲಿ ಅಂತ ಕೂತಿದ್ದೆ."

"ಮೊದಲು ಕರೆದಿರಲಿಲ್ಲವೇ?"

"ಎರಡು ಸಲ ಕರೆದಿದ್ದ."

ಮರುದಿನ ಹಾಲಮ್ಮ ಅವನ ಮನೆ ಬಾಗಿಲಿಗೆ ಬಂದಿದ್ದಳು. ಕೊಟ್ರೇಶ ಒಳಗಿನಿಂದಲೇ ಹೇಳಿದ್ದ: "ಇನ್ನು ನಿನಗೆ ತವರಿಲ್ಲ ಅಂದುಕೋ." ಅದಾಗಿ ಆರು ವರ್ಷ.

"ಮರುಳಪ್ಪ ಈಗ ಹೇಗಿದ್ದಾನೆ?"

"ಹೋದ ವರ್ಷ ತೀರಿಕೊಂಡ."

"ಮಣ್ಣಿಗೆ ಹೋಗಿದ್ದೆಯಾ?"

"ನನಗೆ ಯಾರೂ ಹೇಳಿ ಕಳಿಸಲಿಲ್ಲ, ಅಜ್ಜಯ್ಯ. ಸಂತೆಯಲ್ಲಿ ಯಾರದೋ ಬಾಯಲ್ಲಿ ಕೇಳಿದೆ. ಹಾಗೆ ಹೇಗೆ ಹೋಗಲಿ?"

ನಾಲ್ಕು ದಿನ ಕಳೆಯಿತು. ದೋಣಿಯವನು ಮೆಟ್ಟಿಲು ಹತ್ತಿ ಬಂದ.

"ಕೊಟ್ರೇಶಣ್ಣ, ನಿಮ್ಮಕ್ಕ ಬಂದಿದಾರೆ. ಕೆಳಗೆ ಕೂತಿದಾರೆ."

ಕೊಟ್ರೇಶ ಕೂತಲ್ಲಿಂದ ಎದ್ದೇಳಲಿಲ್ಲ.

"ಮೇಲೆ ಬರಲಿ."

"ತಮ್ಮ ಕರೆಯದೆ ಬರೋಕಾಗಲ್ಲ ಅಂದರು."

"ಇಷ್ಟು ದೂರ ಬಂದವಳಿಗೆ ನಾಲ್ಕು ಮೆಟ್ಟಿಲು ಹೆಚ್ಚಾಯಿತೇ?"

ಅಜ್ಜಯ್ಯ ಗೋಡೆ ಹಿಡಿದು ಎದ್ದರು. ಮಂಡಿನೋವಿನಿಂದ ವರ್ಷವಾಗಿತ್ತು ಅವರು ಹೊಳೆಗೆ ಇಳಿದು.

"ತಾವೆಲ್ಲಿಗೆ, ಅಜ್ಜಯ್ಯ?"

"ಯಾರಾದರೂ ಇಳಿಯಬೇಕಲ್ಲಪ್ಪ."

ಒಂದೊಂದೇ ಮೆಟ್ಟಿಲು, ಕೂತು ಎದ್ದು, ಅವರು ಇಳಿಯತೊಡಗಿದರು. ಕೊಟ್ರೇಶ ಓಡಿಹೋಗಿ ತೋಳು ಹಿಡಿದುಕೊಂಡ. ಬೇರೆ ದಾರಿ ಇರಲಿಲ್ಲ.

ಹಾಲಮ್ಮನ ಕೂದಲು ಬೆಳ್ಳಗಾಗಿತ್ತು. ಗುರುತು ಹತ್ತಲು ಅವನಿಗೆ ಒಂದು ಗಳಿಗೆ ಹಿಡಿಯಿತು.

"ಕರೆಯುವುದು ತಡವಾಯಿತು ತಾಯಿ. ಬನ್ನಿ," ಎಂದು ಅಜ್ಜಯ್ಯ ಕೈಮುಗಿದರು.

ಹಾಲಮ್ಮ ಗಾಬರಿಯಿಂದ ಎದ್ದು ಅವರ ಪಾದ ಮುಟ್ಟಿದಳು. "ಇರಲಿ ಅಜ್ಜಯ್ಯ. ಇದೇ ದೋಣಿಗೆ ವಾಪಸ್ ಹೋಗಬೇಕು. ಇದೊಂದು ಕೊಟ್ಟು ಹೋಗೋಣ ಅಂತ ಬಂದೆ."

ಚೀಲದಿಂದ ಮಡಿಸಿದ ಪಂಚೆಯೊಂದನ್ನು ತೆಗೆದಳು. ಅದರ ಅಂಚಿನ ಅರಿಶಿನ ಮಾಸಿತ್ತು.

"ಮದುವೇಲಿ ಸೋದರಮಾವನಿಗೆ ಅಂತ ತಂದಿದ್ದು ಕಣೋ. ಬೇರೆಯವರಿಗೆ ಕೊಡೋಕೆ ನಿಮ್ಮ ಭಾವ ಬಿಡಲಿಲ್ಲ. ಜೀವ ಹೋಗೋ ಮುಂಚೆ, ಅವನಿಗೆ ಮುಟ್ಟಿಸು ಅಂದರು."

ಕೊಟ್ರೇಶ ಎರಡೂ ಕೈಯೊಡ್ಡಿ ಪಂಚೆ ತೆಗೆದುಕೊಂಡ.

"ಎಷ್ಟು ಸೊರಗಿದೀಯೋ. ಹೊತ್ತುಹೊತ್ತಿಗೆ ಉಣ್ಣು," ಎಂದು ಹಾಲಮ್ಮ ಅವನ ಕೆನ್ನೆ ಮುಟ್ಟಿ ದೋಣಿ ಹತ್ತಿದಳು.

ದೋಣಿ ದಡ ಬಿಟ್ಟಿತು. ಕೊಟ್ರೇಶ ಕಣ್ಣೊರೆಸಿಕೊಂಡ.

"ಅಜ್ಜಯ್ಯ, ಮನಸ್ಸು ಹಗುರಾಯಿತು. ಅಕ್ಕನನ್ನೂ ಮರುಳಪ್ಪನನ್ನೂ ಕ್ಷಮಿಸಿಬಿಟ್ಟೆ."

ಅಜ್ಜಯ್ಯ ಅವನ ಮುಖ ನೋಡಿದರು.

"ಅವಳು ನಿನ್ನನ್ನು ಕ್ಷಮಿಸಿದಳೇ?"

"ಅದನ್ನು... ನಾನು ಕೇಳಲಿಲ್ಲ."

"ದೋಣಿ ಇನ್ನೂ ನಡುಹೊಳೆ ದಾಟಿಲ್ಲ," ಎಂದರು ಅಜ್ಜಯ್ಯ. "ಕೂಗಿದರೆ ಕೇಳಿಸುತ್ತೆ."