ಮೊದಲು ದೀಪ ಆರಿಸಿ

"ಪುರಜನರೇ, ಕಿವಿಗೊಡಿ! ರಾಜಕುವರಿ ಹೇಮಾಂಗಿಯ ಗಂಟಲಲ್ಲಿ ಗೆಡ್ಡೆ ಬೆಳೆದು ಉಸಿರು ಕಟ್ಟುತ್ತಿದೆ. ಅದನ್ನು ಕೊಯ್ದು ತೆಗೆಯಲು ಬೇಕಾದ ಮೂರು ಗಾಳಿಗಳು ಕರಿಗವಿಯ ರಕ್ಕಸಿಯ ಮಡಕೆಗಳಲ್ಲಿವೆ. ಅವಳ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ಉಸಿರು ರಕ್ಕಸಿಗೆ!"

ಅರಸ ಚಂಡಸೇನ ಹೀಗೆ ಡಂಗುರ ಹೊಡೆಸಿದ. ಮಡಕೆಯಲ್ಲಿ ಗಾಳಿ ನಿಲ್ಲುತ್ತದೆಯೇ ಎಂದು ನೀವು ಕೇಳಬಹುದು. ಬಾಯಿಗೆ ಮೇಣ ಮೆತ್ತಿದ್ದರಿಂದ ನಿಂತಿತ್ತು.

ಹೊರಟವರು ಮೂವರು: ನೆರೆನಾಡಿನ ರಾಜಕುಮಾರ ವೀರಕೇತು, ಅರಮನೆಯ ಭೀಮಜಟ್ಟಿ, ಬಾವಿಯ ಹೂಳೆತ್ತುವ ಕೆಂಚ. ಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು ಕೆಂಚನ ಮನೆಯವರ ಪದ್ಧತಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿಯಬಾರದು ಎಂದರ್ಥ. ಒಂದು ದಿನ ಅವನ ಅಪ್ಪ ಅವಸರದಲ್ಲಿ ದೀಪ ಬಿಡದೆ ಇಳಿದ. ಹೆಣವಾಗಿ ಮೇಲೆ ಬಂದ. ಉಸಿರಿಗಾಗಿ ತೆರೆದೇ ಉಳಿದಿದ್ದ ಆ ಬಾಯಿ ಕೆಂಚನ ಕಣ್ಣಿನಿಂದ ಹೋಗಿರಲಿಲ್ಲ. ಅದಕ್ಕೇ ಡಂಗುರ ಕೇಳಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ.

"ಏನೋ ಕೆಂಚ, ರಕ್ಕಸಿಯ ಹೂಳೆತ್ತೋಕೆ ಬಂದ್ಯಾ?" ಎಂದು ಜಟ್ಟಿ ನಕ್ಕ. ಗವಿಯೊಳಗೆ ನಗು ನಿಂತಿತು. ಗೋಡೆಗೊರಗಿ ಕೂತಿದ್ದವರೆಲ್ಲ ಹಿಂದೆಂದೋ ಒಗಟಿಗೆ ಸೋತು ಸತ್ತವರು.

ರಕ್ಕಸಿ ಮೊದಲ ಒಗಟು ಹೇಳಿದಳು. "ಎಲ್ಲರ ಎದೆಯೊಳಗೂ ಹೋಗುತ್ತೇನೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಹೆಚ್ಚಾದರೆ ಬೆಂಕಿಗೆ ಹುಚ್ಚು ಹಿಡಿಯುತ್ತದೆ. ಯಾರು ನಾನು?"

"ತುಪ್ಪ!" ಎಂದ ವೀರಕೇತು. ರಕ್ಕಸಿ ತುಟಿ ಚೂಪು ಮಾಡಿ ಒಮ್ಮೆ ಸೇದಿದಳು. ಅವನು ಅಲ್ಲೇ ಕುಸಿದ.

ಕೆಂಚ ಮುಂದೆ ಬಂದ. "ಪ್ರಾಣವಾಯು, ತಾಯಿ. ಅದಿಲ್ಲದ ಬಾವಿಯಲ್ಲಿ ದೀಪವೂ ಉಳಿಯಲ್ಲ, ಮನುಷ್ಯನೂ ಉಳಿಯಲ್ಲ."

"ಸರಿ. ನನ್ನನ್ನು ಮೂಗಿಗೆ ಎಳೆದುಕೊಂಡವನು ನಗುತ್ತಾನೆ. ಮೈ ಕೊಯ್ದರೂ ನೋವು ತಿಳಿಯದು. ಯಾರು ನಾನು?"

ಬಹುಮಾನ ಕೈತಪ್ಪೀತೆಂದು ಜಟ್ಟಿ ಮುಂದೆ ನುಗ್ಗಿದ. "ಹೆಂಡ!"

ಅವನೂ ಬಿದ್ದ. ಬೀಳುವಾಗ ಕೈ ತಗುಲಿ ಎರಡನೆಯ ಮಡಕೆಯ ಮೇಣ ಬಿರುಕು ಬಿಟ್ಟಿತು. ಏನೋ ಸಿಹಿ ವಾಸನೆ. ಕೆಂಚ ನಡುಗುತ್ತಲೇ ಕಿಲಕಿಲ ನಕ್ಕ, ಹೆಣಗಳ ನಡುವೆ! ಕಲ್ಲಿಗೆ ತರಚಿದ್ದ ಮೊಣಕಾಲಿನ ಉರಿಯೂ ಮಾಯವಾಗಿತ್ತು. ಬೆಚ್ಚಿ ಹೆಬ್ಬೆರಳಿನಿಂದ ಮೇಣ ಒತ್ತಿದ. "ಇದೇ, ತಾಯಿ. ಈ ನಗಿಸುವ ಗಾಳಿ."

"ಕೊನೆಯದು. ನೀನು ಬಿಡುವ ಪ್ರತಿ ಉಸಿರಿನಲ್ಲೂ ಇದ್ದೇನೆ. ತಗ್ಗಿನಲ್ಲಿ ಕೂರುತ್ತೇನೆ. ಹೆಚ್ಚಾದರೆ ಕೊಲ್ಲುತ್ತೇನೆ, ಚಿಟಿಕೆಯಷ್ಟಿದ್ದರೆ ಮರೆತ ಎದೆಗೆ ಉಸಿರಾಡಲು ನೆನಪಿಸುತ್ತೇನೆ."

ಕೆಂಚ ಮೂರನೆಯ ಮಡಕೆಯ ಮೇಣ ಸರಿಸಿ ಜೊತೆಗೆ ತಂದಿದ್ದ ದೀಪವನ್ನು ಒಳಗೆ ಇಳಿಬಿಟ್ಟ. ಅದು ಆರಿತು. ಕತ್ತಲಲ್ಲಿ ರಕ್ಕಸಿಯ ಉಸಿರು ಅವನ ಕಿವಿಗೆ ತಗುಲಿತು.

"ನನ್ನಪ್ಪನನ್ನು ತಿಂದ ಬಾವಿಯ ಗಾಳಿ," ಎಂದ ಕೆಂಚ.

"ಹೊತ್ತುಕೊಂಡು ಹೋಗು," ಎಂದಳು ರಕ್ಕಸಿ. "ಮೊದಲನೆಯದು ರಾಜಕುವರಿಯ ಉಸಿರು ಉಳಿಸಲು, ಎರಡನೆಯದು ನೋವು ಮರೆಸಲು, ಮೂರನೆಯದು ಉಸಿರು ಸೋತರೆ ಎಬ್ಬಿಸಲು."

ಅರಮನೆಯಲ್ಲಿ ಹರಕೆಗೆಂದು ರಾಜಕುವರಿಯ ಮಂಚದ ಸುತ್ತ ಸಾಲು ದೀಪ ಹಚ್ಚಿದ್ದರು. ವೈದ್ಯರು ಮೊದಲ ಮಡಕೆಯ ಮೇಣಕ್ಕೆ ಕೈ ಹಾಕಿದರು.

"ಬೇಡ ಬುದ್ಧೀ! ಮೊದಲು ದೀಪ ಆರಿಸಿ!" ಎಂದು ಕೆಂಚ ಕೂಗಿದ.

"ಸಾಯುವವಳ ಮುಂದೆ ದೀಪ ಆರಿಸು ಅಂತೀಯಾ?" ಅರಸ ಕತ್ತಿ ಹಿರಿದ. ಅಂಥ ಅಪಶಕುನದ ಮಾತನ್ನು ಆ ನಾಡಿನಲ್ಲಿ ಯಾರೂ ಆಡುತ್ತಿರಲಿಲ್ಲ.

"ತಲೆ ತೆಗೀರಿ ಸ್ವಾಮಿ, ಆದ್ರೆ ದೀಪ ಆರಿಸಿ. ಒಗಟಲ್ಲೇ ಹೇಳಿದ್ದಾಳೆ, ಈ ಗಾಳಿ ಹೆಚ್ಚಾದರೆ ಬೆಂಕಿಗೆ ಹುಚ್ಚು ಹಿಡಿಯುತ್ತೆ. ಹಾಸಿಗೆ ಸಮೇತ ಅಮ್ಮಾವ್ರು ಉರಿದುಹೋಗ್ತಾರೆ!"

ಅರಸ ಹಿರಿದ ಕತ್ತಿಯನ್ನು ಒರೆಗೆ ಹಾಕಲಿಲ್ಲ. ಮಾತೇ ಹೊರಡದ ಹೇಮಾಂಗಿ ಕೈ ಚಾಚಿ ಹತ್ತಿರದ ಬತ್ತಿಯನ್ನು ಬೆರಳಲ್ಲಿ ಹಿಸುಕಿದಳು. ಉಳಿದ ದೀಪಗಳನ್ನೂ ಆರಿಸಿದರು. ಕಿಟಕಿಯ ಬಿಸಿಲಿನಲ್ಲೇ ವೈದ್ಯರು ಗೆಡ್ಡೆ ಕೊಯ್ದರು. ಅವಳು ನಿದ್ದೆಯಲ್ಲಿ ನಗುತ್ತಿದ್ದಳು. ಒಮ್ಮೆ ಉಸಿರು ಸೋತು ಎದೆ ನಿಂತಂತಾಯಿತು. ಮೂರನೆಯ ಮಡಕೆಯ ಚಿಟಿಕೆ ಗಾಳಿಗೆ ಅದು ಮತ್ತೆ ಏರಿತು.

"ಏನು ಬೇಕೋ ಕೇಳಪ್ಪಾ," ಎಂದ ಅರಸ.

"ಇನ್ನೊಂದು ಡಂಗುರ, ಸ್ವಾಮಿ."

ಮರುವಾರ ಅದನ್ನು ಸಾರಿದವಳು ಹೇಮಾಂಗಿಯೇ. ಧ್ವನಿ ಇನ್ನೂ ಒಡೆದಿತ್ತು, ಆದರೂ ಊರಿಗೆಲ್ಲ ಕೇಳಿಸಿತು: "ದೀಪ ಇಳಿಬಿಡದೆ ಈ ನಾಡಿನ ಯಾವ ಬಾವಿಗೂ ಮನುಷ್ಯರನ್ನು ಇಳಿಸಬಾರದು!"