ಅಮ್ಮಣ್ಣಿಯ ಪೆಟ್ಟಿಗೆಗೊಂದು ಮಿದುಳು

ಶಂಖಾವತಿಯ ಬೀದಿಗಳಲ್ಲಿ ಡಂಗುರ ಸಾರಿದರು. ಜ್ವರದಿಂದ ರಾಜಕುಮಾರಿ ಹೇಮಾಂಬೆಯ ಬೆರಳುಗಳು ಸೆಟೆದಿವೆ, ಇನ್ನು ವೀಣೆ ಹಿಡಿಯಲಾರಳು. ಗುಂಡಿ ಒತ್ತಿದರೆ, ತಿರುಪು ತಿರುವಿದರೆ ಕಂಪ್ಯೂಟರಿನೊಳಗಿನ ವಾದ್ಯಗಳು ನುಡಿಯುವಂಥ, ಮಿಡಿ (MIDI) ಎಂಬ ಪೆಟ್ಟಿಗೆಯನ್ನು ಅರಮನೆಯಲ್ಲೇ ಕಟ್ಟಿಸಬೇಕಾಗಿದೆ. ಅದಕ್ಕೆ ಕೂಡಿಸುವ ಮಿದುಳಿನ ಬಗ್ಗೆ ಮೂರು ಒಗಟು. ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯೊಡನೆ ಮದುವೆ. ತಪ್ಪಿದವನಿಗೆ ಅಮಾವಾಸ್ಯೆಯಂದು ಗಲ್ಲು.

ಸಭೆಯಲ್ಲಿ ತಟ್ಟೆಯೊಂದರ ಮೇಲೆ, ಪೆಟ್ಟಿಗೆಗೆ ಮಿದುಳಾಗಬಲ್ಲ ಮೂರು ಎಲೆಕ್ಟ್ರಾನಿಕ್ ಬೋರ್ಡುಗಳಿದ್ದವು. ದೊಡ್ಡದನ್ನು ರಾಜ ಚಂಡವಿಕ್ರಮ ತಾನೇ ಹಡಗಿನಲ್ಲಿ ತರಿಸಿದ್ದ. ನಡುವಿನದು ಊರಿನ ಮಕ್ಕಳೆಲ್ಲ ಕಲಿಯಲು ಬಳಸುವ ಹಳೆಯದು. ಮೂರನೆಯದು ಹೆಬ್ಬೆರಳಿನಷ್ಟೇ ಇತ್ತು.

ರಾಜಕುಮಾರಿ ಮೊದಲ ಒಗಟು ಕೇಳಿದಳು. "ಈ ತಟ್ಟೆಯಲ್ಲಿ ಒಬ್ಬ ಮಹಾಪಂಡಿತನಿದ್ದಾನೆ. ಆದರೂ ಸಂಗೀತ ಕಚೇರಿಯ ದಿನ ನಾನು ಅವನನ್ನು ಕರೆಯುವುದಿಲ್ಲ. ಯಾರು, ಯಾಕೆ?"

ನೆರೆರಾಜ್ಯದ ಯುವರಾಜ ಚಿಕ್ಕದನ್ನು ತೋರಿಸಿದ. ಸೇನಾಪತಿಯ ಮಗನೂ ಅದನ್ನೇ ತೋರಿಸಿದ. ರಾಜ ತರಿಸಿದ ವಸ್ತುವನ್ನು ರಾಜನೆದುರಿಗೆ ಹಳಿಯುವುದು ಆ ಸಭೆಯ ಪದ್ಧತಿಯಲ್ಲ. ಅರಮನೆಯ ದೀಪಗಳನ್ನು ನೋಡಿಕೊಳ್ಳುತ್ತಿದ್ದ ಕಾಳಪ್ಪನಿಗೆ ಸರಿಯುತ್ತರ ಗೊತ್ತಿತ್ತು. ಅವನೂ ಚಿಕ್ಕದನ್ನೇ ತೋರಿಸಿದ. ಮೂವರನ್ನೂ ಸೆರೆಗೆ ಹಾಕಿದರು.

ಅಮಾವಾಸ್ಯೆಗೆ ಎರಡು ದಿನವಿದ್ದಾಗ ಕಾಳಪ್ಪನ ತಮ್ಮ ಮೌನೇಶ ಬಂದ. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವನು. ಅವನಿಗೆ ರಾಜ್ಯ ಬೇಕಿರಲಿಲ್ಲ, ಅಣ್ಣ ಬೇಕಾಗಿದ್ದ.

"ಬೆಸುಗೆ ಹಾಕುವವನಿಗೆ ಅರ್ಧ ರಾಜ್ಯ ಯಾಕಪ್ಪಾ, ಅರ್ಧ ಬೆಂಚು ಸಾಲದೇ?" ಎಂದ ಮಂತ್ರಿ. ಸಭೆ ನಕ್ಕಿತು.

ಮೌನೇಶ ನೇರವಾಗಿ ದೊಡ್ಡ ಬೋರ್ಡಿನ ಮೇಲೆ ಬೆರಳಿಟ್ಟ. ಪೂರ್ತಿ ಕಂಪ್ಯೂಟರೇ ಇದು, ನೂರು ವಿದ್ಯೆ ಬಲ್ಲದು, ಆದರೆ ವಿದ್ಯುತ್ ಕೊಟ್ಟರೆ ಎಚ್ಚರಗೊಳ್ಳಲು ಅರ್ಧ ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ತಾಳ ಕಾಯುವುದಿಲ್ಲ ಎಂದ. ರಾಜನ ಮುಖ ಬಿಗಿಯಿತು. ಹೇಮಾಂಬೆ ತಲೆಯಾಡಿಸಿದಳು.

ಊರಿಗೆಲ್ಲ ಪರಿಚಿತನಾದರೂ ಹೊಸ್ತಿಲಲ್ಲಿ ನಿಂತು ತಾನು ಯಾರೆಂದು ಹೇಳಿಕೊಳ್ಳಲಾರದವನು ಯಾರು ಎಂಬುದು ಎರಡನೆಯ ಒಗಟು. ಹಳೆಯ ಬೋರ್ಡು ಎಂದ ಮೌನೇಶ. ಯುಎಸ್‌ಬಿ ತಂತಿ ಸಿಕ್ಕಿಸಿದರೆ ಕಂಪ್ಯೂಟರು ಅದನ್ನು ವಾದ್ಯವೆಂದು ಗುರುತಿಸುವುದಿಲ್ಲ, ನಡುವೆ ದುಭಾಷಿಯೊಂದು ಬೇಕು. ಹೆಬ್ಬೆರಳಿನಷ್ಟಿರುವುದು ತಾನು ವಾದ್ಯವೆಂದು ತಾನೇ ಹೇಳಿಕೊಳ್ಳುತ್ತದೆ, ಹಾಕಿದೊಡನೆ ಏಳುತ್ತದೆ.

"ಅದನ್ನೇ ಆರಿಸಿದೆ ಅನ್ನು. ಆದರೂ ಒಂದು ಕಾಟ ತಪ್ಪುವುದಿಲ್ಲ. ಯಾರೂ ಮುಟ್ಟದಿದ್ದರೂ ಮಾತಾಡುತ್ತಲೇ ಇರುವವನು ಯಾರು? ಅವನನ್ನು ಸುಮ್ಮನಾಗಿಸುವುದು ಹೇಗೆ?" ಎಂದು ಹೇಮಾಂಬೆ ಮೂರನೆಯದನ್ನು ಕೇಳಿದಳು.

"ತಿರುಪು, ಅಮ್ಮಣ್ಣಿ. ಸುಮ್ಮನಿದ್ದಾಗಲೂ ಅದರ ವೋಲ್ಟೇಜು ಕೂದಲೆಳೆಯಷ್ಟು ಅಲುಗುತ್ತದೆ. ಯಾರೋ ತಿರುವಿದರೆಂದು ಮಿದುಳು ವರದಿ ಕಳಿಸುತ್ತಲೇ ಇರುತ್ತದೆ. ಇಷ್ಟಕ್ಕಿಂತ ಸಣ್ಣ ಅಲುಗಾಟವನ್ನು ಲೆಕ್ಕಿಸಬೇಡವೆಂದು ಅದಕ್ಕೆ ಬರೆದು ಕಲಿಸಬೇಕು."

ಮೂರೂ ಸರಿಯೆಂದಳು ಹೇಮಾಂಬೆ. ಮೌನೇಶ ರಾಜನ ಕಾಲಿಗೆ ಬಿದ್ದ. ರಾಜ್ಯವನ್ನು ನೀವೇ ಇಟ್ಟುಕೊಳ್ಳಿ, ಬದಲಿಗೆ ಅಣ್ಣನನ್ನು ಕೊಡಿ ಎಂದು ಬೇಡಿದ. ಅಣ್ಣನಿಗೆ ಉತ್ತರ ಗೊತ್ತಿತ್ತು, ನಿಮ್ಮ ಮರ್ಯಾದೆಗೆ ಅಂಜಿ ಬೇರೆ ಹೇಳಿದ ಎಂದ.

"ತಿಳಿದೂ ಸುಳ್ಳು ಹೇಳಿದನೇ? ಅದು ಇನ್ನೂ ದೊಡ್ಡ ತಪ್ಪು," ಎಂದ ರಾಜ. "ಸಾರಿದ್ದನ್ನು ಕೊಡುತ್ತೇನೆ. ಸಾರದ್ದನ್ನು ಕೊಡುವ ವಾಡಿಕೆ ನಮ್ಮಲ್ಲಿಲ್ಲ."

ರಾಜ ನಕ್ಷೆ ತರಿಸಿ ಹೊಳೆಯಗುಂಟ ಗೆರೆ ಎಳೆದ. ಗೆರೆಯ ಆಚೆ ಮೌನೇಶನ ಆಜ್ಞೆಯೇ ಕೊನೆಯೆಂದ.

"ಸೆರೆಮನೆ ಯಾವ ಕಡೆ ಬಂತು, ಬುದ್ಧಿ?"

"ನನ್ನ ಕಡೆ."

ಹೇಮಾಂಬೆ ತಂದೆಯ ಮುಖ ನೋಡಿದಳು. ಅಮಾವಾಸ್ಯೆ ಕಳೆಯಿತು. ಮೌನೇಶ ಅಣ್ಣನ ಕರ್ಮ ಮುಗಿಸಿ ಬಂದು ಪೆಟ್ಟಿಗೆ ಕಟ್ಟಿದ. ಗುಂಡಿಗಳನ್ನು ಅವಳ ಸೆಟೆದ ಬೆರಳಿಗೆ ಎಟುಕುವಷ್ಟು ಅಗಲವಾಗಿ ಕೂಡಿಸಿದ್ದ. ಮದುವೆಯ ದಿನ ಅವಳು ಅದರಲ್ಲಿ ಕಲ್ಯಾಣಿ ನುಡಿಸಿದಳು, ಒಂದು ಸ್ವರವೂ ತಡವಾಗಲಿಲ್ಲ.

ಮರುದಿನ ಹೊಳೆ ದಾಟಿ ಹೋಗಿ ಮೌನೇಶ ತನ್ನ ಮೊದಲ ಆಜ್ಞೆ ಹೊರಡಿಸಿದ. ತನ್ನ ಅರ್ಧದಲ್ಲಿ ಯಾರನ್ನೂ ಗಲ್ಲಿಗೇರಿಸಕೂಡದು. ಅಲ್ಲಿ ಗಲ್ಲಿಗೇರಬೇಕಾದವರು ಯಾರೂ ಇರಲಿಲ್ಲ.