ಸೋಲಿಸಿದವಳ ಗೆಲುವಿಗೆ ಕಾದವಳು

“ನನ್ನನ್ನ ಸೋಲಿಸಿದಾಂವಗ ಒಳ್ಳೇದಾಗಲಿ ಅಂತ ಮನಸಾರೆ ಅನ್ನಲಿಕ್ಕೆ ಆಗತದೇನ್ರಿ, ಅಜ್ಜಾರ?”

ಮಠದ ಪಡಸಾಲೆಯಲ್ಲಿ ಕೂತು ಶಿಷ್ಯ ಹೀಗೆ ಕೇಳಿದ. ಆ ವರ್ಷದ ಶ್ರಾವಣದ ಪ್ರವಚನ ತನಗೇ ಬರುತ್ತದೆಂದು ಅವನು ಮೂರು ತಿಂಗಳು ಓದಿ ಸಿದ್ಧನಾಗಿದ್ದ. ಅದು ಹೋದದ್ದು ಅವನ ಜೊತೆಗಾರನಿಗೆ. ಶಿಷ್ಯ ತಾನೇ ಹೋಗಿ ಶುಭ ಕೋರಿ ಬಂದಿದ್ದ. ಆದರೆ ಅವತ್ತಿನಿಂದ ಒಳಗೆ ಬೇರೆಯೇ ಆಸೆ ಕೂತಿತ್ತು. ಜೊತೆಗಾರ ನಡುವೆ ತಡವರಿಸಬೇಕು, ಕೂತ ಜನ ಎದ್ದು ಹೋಗಬೇಕು. ಇದನ್ನೂ ಅವನು ಗುರುಗಳ ಮುಂದೆ ಮುಚ್ಚಿಡಲಿಲ್ಲ.

ಗುರುಗಳು ನಕ್ಕರು. “ಖರೇ ಹೇಳಿದಿ. ಅರ್ಧ ರೋಗ ಇಲ್ಲೇ ವಾಸಿ ಆತು. ಹೆಣ್ಣುಮಕ್ಕಳ ಕುಸ್ತಿ ನೋಡೀಯೇನು?”

ಶಿಷ್ಯ ಇಲ್ಲವೆಂದು ತಲೆಯಾಡಿಸಿದ. ಗುರುಗಳು ಕತೆ ಹೇಳಿದರು.

ಕುಸ್ತಿ ಆಡುವ ಒಬ್ಬಳು ಹುಡುಗಿ ಇದ್ದಳು. ಐವತ್ತಮೂರು ಕಿಲೋ ತೂಕದ ವಿಭಾಗ. ಫ್ರೀಸ್ಟೈಲ್, ಅಂದರೆ ಕಾಲು ಹಿಡಿದೂ ಕೆಡವಬಹುದಾದ ಕುಸ್ತಿ. ಹನ್ನೆರಡು ವರ್ಷ ಆಡಿ ಆಡಿ ಅವಳ ಕಿವಿಗಳು ಮುದುಡಿಹೋಗಿದ್ದವು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುವ ಅವಕಾಶ ಬಂತು. ಪದಕ ತಂದರೆ ತರಬೇತಿ ಶಿಬಿರದಲ್ಲಿ ನಿನ್ನ ಹೆಸರು ಇರುತ್ತದೆ, ತರದಿದ್ದರೆ ಆ ಜಾಗ ಕಿರಿಯರಿಗೆ ಎಂದು ಆಯ್ಕೆದಾರರು ಮೊದಲೇ ಹೇಳಿ ಕಳಿಸಿದ್ದರು. ಕುಸ್ತಿ ಬಿಟ್ಟು ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ಮೊದಲ ಸುತ್ತಿನಲ್ಲೇ ಎದುರು ಬಂದವಳು ಪರದೇಶದ ಒಬ್ಬ ಗಟ್ಟಿಗಿತ್ತಿ. ಒಂದೂವರೆ ನಿಮಿಷದಲ್ಲಿ ನಮ್ಮ ಹುಡುಗಿಯ ಎರಡೂ ಭುಜ ಮ್ಯಾಟಿಗೆ ತಾಗಿದವು. ಕುಸ್ತಿ ಮುಗಿಯಿತು. ಸಮುದ್ರ ದಾಟಿ ಹೋಗಲು ಒಂದು ಹಗಲು ಒಂದು ರಾತ್ರಿ ಹಿಡಿದಿತ್ತು, ಸೋಲಲು ಅಷ್ಟು ಬೇಕಾಗಲಿಲ್ಲ.

ಅವಳು ಅಳಲಿಲ್ಲ. ಸಿಟ್ಟು ಅಷ್ಟಿತ್ತು. ಗ್ಯಾಲರಿಗೆ ಹೋಗಿ ಕೂತು ಚೀಲ ಬಿಚ್ಚಿದಳು. ಅದರಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿಗಳಿದ್ದವು. ತೂಕ ಇಳಿಸಬೇಕೆಂದು ಹತ್ತು ದಿನದಿಂದ ಅವಳು ಹೊಟ್ಟೆ ತುಂಬ ಉಂಡಿರಲಿಲ್ಲ. ಒಂದು ಉಂಡಿ ಬಾಯಿಗೆ ಹೋಗುವಷ್ಟರಲ್ಲಿ ತರಬೇತುದಾರ ಬಂದು ಕೈ ಹಿಡಿದ.

“ತಡಿಯವ್ವ, ಈಗ ತಿನ್ನಬ್ಯಾಡ. ನಿನ್ನ ಕೆಡವಿದಾಕಿ ಇನ್ನೆರಡು ಕುಸ್ತಿ ಗೆದ್ದು ಫೈನಲ್‌ಗೆ ಹೋದಳಂದ್ರ, ಆಕಿ ಕೈಯಾಗ ಸೋತವರಿಗೆ ಕಂಚಿನ ಪದಕಕ್ಕ ಆಡಲಿಕ್ಕೆ ಇನ್ನೊಂದು ಅವಕಾಶ ಕೊಡತಾರ. ನಾಳೆ ಮುಂಜಾನೆ ನಿನ್ನ ತೂಕ ಮತ್ತ ನೋಡತಾರ. ಆಕಿ ಸೋತಳೋ, ಆವಾಗ ಎಲ್ಲಾ ಉಂಡಿ ನೀನ ತಿನ್ನು.”

ಎಂಥ ವಿಚಿತ್ರ ನಿಯಮ ನೋಡು. ಸೋತವಳ ಹಸಿವು, ಹಣೆಬರಹ ಎರಡೂ ಗೆದ್ದವಳ ಕೈಯಲ್ಲಿ. ಹುಡುಗಿ ಕೂತು ನೋಡತೊಡಗಿದಳು.

ಮುಂದಿನ ಕುಸ್ತಿಯಲ್ಲಿ ಆ ಗಟ್ಟಿಗಿತ್ತಿ ಎರಡು ಸಲ ಕೆಳಗೆ ಬಿದ್ದಳು. ನಾಲ್ಕು ಅಂಕ ಹಿಂದೆ ಬಿದ್ದಳು. ಅದನ್ನು ನೋಡಿ ಹುಡುಗಿಗೆ ಎದೆ ತಂಪಾಯಿತು. ಬೀಳಲಿ, ಇನ್ನೂ ಬೀಳಲಿ ಅಂದಿತು ಮನಸ್ಸು. ಕೈ ತಾನಾಗಿ ಚೀಲದೊಳಗೆ ಹೋಯಿತು. ಉಂಡಿ ಬೆರಳಿಗೆ ತಾಗಿದಾಗ ಅವಳಿಗೆ ಎಚ್ಚರವಾಯಿತು. ಗಟ್ಟಿಗಿತ್ತಿ ಬಿದ್ದರೆ ಪದಕ ಹೋಗುವುದು ತನ್ನದು, ಶಿಬಿರ ಬಿಟ್ಟು ಮನೆಗೆ ಹೋಗುವವಳು ತಾನು. ಆದರೂ ಖುಷಿಪಡುತ್ತಿರುವವಳೂ ತಾನೇ. ಎದುರಿನವರಿಗೆ ಅಪಶಕುನವಾಗಲಿ ಅಂತ ತನ್ನ ಮೂಗು ಕೊಯ್ದುಕೊಂಡರಂತೆ, ಅಂಥ ಖುಷಿ. ಇದು ಎಲ್ಲಿಂದ ಬಂತು ಎಂದು ಅವಳಿಗೆ ಅಚ್ಚರಿಯಾಯಿತು. ಉಂಡಿಯನ್ನು ಅಲ್ಲೇ ಬಿಟ್ಟು ಕೈ ಹೊರಗೆ ತೆಗೆದಳು.

ಆ ಕುಸ್ತಿಯನ್ನು ಗಟ್ಟಿಗಿತ್ತಿ ಹೇಗೋ ಗೆದ್ದಳು. ಸಂಜೆ ಸೆಮಿಫೈನಲ್ ಇತ್ತು. ಅಲ್ಲಿಯತನಕ ಹುಡುಗಿ ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಪ್ರೀತಿಯಿಂದ ಅಲ್ಲ, ಸ್ವಾರ್ಥದಿಂದ. ನಮ್ಮ ಎತ್ತಿಗೆ ಮೇವು ಹಾಕಿದ ಹಾಗೆ. ಆದರೆ ನೋಡುತ್ತ ಕೂತರೆ ಏನಾದರೂ ಕಂಡೇ ಕಾಣುತ್ತದೆ. ಗಟ್ಟಿಗಿತ್ತಿಯ ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು. ಅವಳು ಮೂಲೆಯಲ್ಲಿ ಒಬ್ಬಳೇ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. ಒಂದು ಸಲವೂ ಗಂಟು ಮನಸ್ಸಿಗೆ ಬರುತ್ತಿರಲಿಲ್ಲ. ತನ್ನನ್ನು ಒಂದೂವರೆ ನಿಮಿಷದಲ್ಲಿ ಮಲಗಿಸಿದ ಕೈ ಅದೇ. ಅದಕ್ಕೂ ಅಂಜಿಕೆ ಇದೆ ಎಂದು ಮ್ಯಾಟಿನ ಮೇಲೆ ಗೊತ್ತಾಗಿರಲಿಲ್ಲ.

ಸೆಮಿಫೈನಲ್ ಮುಗಿಯಲು ಹತ್ತು ಸೆಕೆಂಡು ಇದ್ದಾಗ ಗಟ್ಟಿಗಿತ್ತಿ ಒಂದು ಅಂಕ ಹಿಂದಿದ್ದಳು. ಹುಡುಗಿ ಎದ್ದು ನಿಂತು ಕೂಗಿದಳು. “ಎಡಗಾಲು ಹಿಡಿಯವ್ವ, ಎಡಗಾಲು.” ಆ ದೇಶದಲ್ಲಿ ಕನ್ನಡ ಯಾರಿಗೆ ತಿಳಿಯಬೇಕು? ಅವಳು ಕೂಗಿದ್ದು ಯಾರಿಗೂ ತಿಳಿಯಲಿಲ್ಲ. ಆದರೂ ಗಟ್ಟಿಗಿತ್ತಿ ಎಡಗಾಲನ್ನೇ ಹಿಡಿದಳು, ಎದುರಾಳಿಯನ್ನು ಕೆಡವಿ ಫೈನಲ್ ಸೇರಿದಳು. ಹುಡುಗಿಗೆ ಇನ್ನೊಂದು ಅವಕಾಶ ಸಿಕ್ಕಿತು.

ಮರುದಿನ ಬೆಳಿಗ್ಗೆ ತೂಕ ಸರಿಯಾಗಿ ಬಂತು. ಒಂದು ಕುಸ್ತಿ ಗೆದ್ದಳು. ಕಂಚಿನ ಪದಕದ ಕುಸ್ತಿಯಲ್ಲಿ ಕೊನೆಯ ನಿಮಿಷದತನಕ ಮುಂದಿದ್ದು, ಒಂದೇ ಅಂಕದಿಂದ ಸೋತಳು. ಪದಕ ಹೋಯಿತು. ಶಿಬಿರವೂ ಹೋಯಿತು. ಹನ್ನೆರಡು ವರ್ಷ ಬೆವರು ಬಸಿದವಳಿಗೆ ಹೀಗಾಗಬಾರದಿತ್ತು, ನನಗೆ ಈಗಲೂ ಅನ್ನಿಸುತ್ತದೆ.

ಬಸ್ಸು ಬಂದಿದೆ, ನಡೆ ಎಂದು ತರಬೇತುದಾರ ಕರೆದ. ಫೈನಲ್ ನೋಡಿ ಬರುತ್ತೇನೆ ಅಂದಳು. ಇನ್ನು ಗಟ್ಟಿಗಿತ್ತಿ ಗೆದ್ದರೂ ಸೋತರೂ ಹುಡುಗಿಗೆ ಲಾಭವಿಲ್ಲ, ನಷ್ಟವಿಲ್ಲ. ಆದರೂ ಆರು ನಿಮಿಷ ನಿಂತೇ ನೋಡಿದಳು, ಗಂಟಲು ಕಟ್ಟುವತನಕ ಕೂಗಿದಳು. ಗಟ್ಟಿಗಿತ್ತಿ ಸೋತಳು. ಆಗ ಹುಡುಗಿಗೆ ಅಳು ಬಂತು. ತನ್ನ ಎರಡು ಸೋಲಿಗೂ ಬಾರದ ಅಳು, ತನ್ನನ್ನು ಸೋಲಿಸಿದವಳ ಸೋಲಿಗೆ ಬಂತು.

ಊರಿಗೆ ಬಂದ ಮೇಲೆ ಮಠಕ್ಕೂ ಬಂದಿದ್ದಳು. ಇದನ್ನೆಲ್ಲ ಹೇಳಿ, “ಆಕಿ ಮ್ಯಾಲಿನ ಸಿಟ್ಟು ಎಲ್ಲಿ ಹೋತು ಅಂತ ಹುಡುಕೇ ಹುಡುಕಿದ್ನಿರಿ, ಅಜ್ಜಾರ. ಸಿಗಲೇ ಇಲ್ಲ,” ಅಂದಳು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ಶಿಷ್ಯ ಕತೆಯನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ತಿರುಗಿಸಿ ನೋಡಿದ. ಒಂದು ಕಡೆ ಅವನಿಗೆ ಸಂದು ಕಂಡಿತು.

“ಆಕಿಗೆ ಒಂದು ನಿಯಮ ಇತ್ರಿ. ಎದುರಿನಾಕಿ ಗೆದ್ದರ ಈಕಿಗೂ ಏನೋ ಸಿಗತಿತ್ತು, ಅದಕ್ಕ ಹಾರೈಸಲಿಕ್ಕೆ ಕಲಿತಳು. ನನ್ನ ಜೊತೆಗಾರ ಗೆದ್ದರ ನನಗೇನು ಸಿಗತದರಿ?”

ಗುರುಗಳು ಅವನನ್ನೇ ತಿರುಗಿ ಕೇಳಿದರು.

“ಅಂವ ಸೋತರ ನಿನಗೇನು ಸಿಗತದ, ಅದನ್ನ ಮೊದಲ ಹೇಳು.”